ಹಾಲಿನ ಹಣದ ನೂರು ರೂಪಾಯಿಯಲ್ಲಿ ಮನೆಯ ಪಾಲು ಎಷ್ಟು?



ಹಸುವಿನ ಆಹಾರ, ಬೆದೆ, ಕೆಚ್ಚಲು ಬಾವು, ಕರುಗಳ ಪಾಲನೆ ಇವುಗಳ ಬಗ್ಗೆ ಈ ಪುಟದಲ್ಲಿ ಹಲವು ಸಲ ಬರೆದಿದ್ದೇನೆ. ಈ ಸಂಚಿಕೆಯಲ್ಲಿ ಔಷಧಿಯ ಮಾತಿಲ್ಲ. ಮನೆಯ ಆಯವ್ಯಯದ ಮಾತು. ‘ಪಶುವೈದ್ಯರಿಗೆ ನಮ್ಮ ಮನೆ ಖರ್ಚಿನ ಉಸಾಬರಿ ಏಕೆ?’ ಎಂದು ತಾವು ಕೇಳಬಹುದು. ಅದಕ್ಕೆ ಕಾರಣವಿದೆ.

ಎರಡು ವರ್ಷದ ಹಿಂದೆ ಒಂದು ಹಳ್ಳಿಗೆ ಲಸಿಕೆ ಹಾಕಲು ಹೋಗಿದ್ದೆ. ಸಂಘದ ಸದಸ್ಯೆಯೊಬ್ಬರ ಮನೆ ಮುಂದೆ ಟೆಂಪೋ ನಿಂತಿತ್ತು. ಅದಕ್ಕೆ ಹತ್ತಿಸುತ್ತಿದ್ದ ಹಸುವನ್ನು ನಾನೇ ಪರೀಕ್ಷೆ ಮಾಡಿ ಗಬ್ಬ ಎಂದು ಹೇಳಿದ್ದೆ. ಇನ್ನು ನಲವತ್ತು ದಿನಕ್ಕೆ ಕರು ಹಾಕಬೇಕಿತ್ತು. ‘ಇದೇನಮ್ಮ, ಈಗ ಮಾರುತ್ತಿದ್ದೀರಿ?’ ಎಂದೆ. ‘ಏನ್ ಮಾಡೋದು ಡಾಕ್ಟ್ರೇ, ಬತ್ತಿ ಇಪ್ಪತ್ತು ದಿನ ಆಯ್ತು. ಹಾಲಿದ್ದಾಗ ಡೇರೀಲಿ ಫೀಡ್ ಮೂಟೆ ಕೊಟ್ಟು ಬಿಲ್ಲಲ್ಲಿ ಹಿಡ್ಕೊಳ್ತಿದ್ರು. ಈಗ ಬಿಲ್ಲೇ ಇಲ್ಲ, ಯಾರು ಕೊಡ್ತಾರೆ? ಸಾಲದ ಕಂತು ಬೇರೆ ಇದೆ’ ಎಂದರು.

ಟೆಂಪೋ ಹೋದ ಮೇಲೆ ಅವರ ಹಾಲಿನ ಪಾಸ್ ಪುಸ್ತಕ ನೋಡಿದೆ. ಹಿಂದಿನ ಹತ್ತು ತಿಂಗಳಲ್ಲಿ ಆ ಒಂದೇ ಹಸುವಿನಿಂದ ಎಂಬತ್ತು ಸಾವಿರ ರೂಪಾಯಿಗೂ ಹೆಚ್ಚು ಹಾಲು ಹಾಕಿದ್ದರು. ಉಳಿದ ನಲವತ್ತು ದಿನ ಅದನ್ನು ಸಾಕಲು ಬೇಕಾಗಿದ್ದದ್ದು ಐದು ಸಾವಿರಕ್ಕೂ ಕಡಿಮೆ. ಆ ಐದು ಸಾವಿರ ಕೈಯಲ್ಲಿ ಇರಲಿಲ್ಲ. ಕೊಂಡವರು ತಿಂಗಳೊಪ್ಪತ್ತಿನಲ್ಲಿ ಹಾಲು ಕರೆದರು, ಸಾಕಿದವರು ಕೊಟ್ಟಿಗೆ ಖಾಲಿ ಮಾಡಿಕೊಂಡರು.

ಆ ಹಸುವಿಗೆ ಯಾವ ರೋಗವೂ ಇರಲಿಲ್ಲ. ಆ ತಾಯಿ ಸೋಮಾರಿಯೂ ಅಲ್ಲ, ದುಂದುಗಾರ್ತಿಯೂ ಅಲ್ಲ. ಹಾಲಿನ ಹಣದಲ್ಲಿ ಹಸುವಿನ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅಷ್ಟು ವರ್ಷ ಆ ಊರಿಗೆ ಹೋಗಿ ಬಂದ ನಾನೂ ಹೇಳಿರಲಿಲ್ಲ. ಈ ಲೇಖನ ಅದಕ್ಕಾಗಿ.

ಹಸುವಿಗೆ ಹತ್ತು ತಿಂಗಳು ದುಡಿಮೆ, ಹನ್ನೆರಡು ತಿಂಗಳು ಊಟ

ಸಂಬಳದವರಿಗೆ ಪ್ರತಿ ತಿಂಗಳೂ ಒಂದೇ ಮೊತ್ತ ಬರುತ್ತದೆ. ಹಾಲಿನ ಹಣ ಹಾಗಲ್ಲ. ಹಸು ಕರು ಹಾಕಿದ ಮೊದಲ ಎರಡು ಮೂರು ತಿಂಗಳು ಹಾಲು ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮುಂದಿನ ಕರು ಹಾಕುವ ಎರಡು ತಿಂಗಳು ಮೊದಲು ಕರಾವು ನಿಲ್ಲಿಸಲೇಬೇಕು. ಕೆಚ್ಚಲಿಗೆ ವಿಶ್ರಾಂತಿ ಬೇಕು, ಹೊಟ್ಟೆಯ ಕರು ಹೆಚ್ಚಾಗಿ ಬೆಳೆಯುವುದೂ ಆಗಲೇ. ಆ ಎರಡು ತಿಂಗಳು ಆದಾಯ ಸೊನ್ನೆ, ಖರ್ಚು ಮಾತ್ರ ನಿಲ್ಲುವುದಿಲ್ಲ.

ನಾವು ತಪ್ಪುವುದು ಇಲ್ಲಿಯೇ. ಹಾಲು ಏರಿದ ತಿಂಗಳ ಬಟವಾಡೆ ನೋಡಿ ಚೀಟಿ ಕಟ್ಟುತ್ತೇವೆ, ಕಂತಿನಲ್ಲಿ ಟಿ.ವಿ. ತರುತ್ತೇವೆ, ಸಂಘದಲ್ಲಿ ಸಾಲ ಎತ್ತುತ್ತೇವೆ. ಹಾಲು ಇಳಿದಾಗ ಕಂತು ಇಳಿಯುವುದಿಲ್ಲ. ಆದ್ದರಿಂದ ಲೆಕ್ಕ ಹಾಕುವಾಗ ಹೆಚ್ಚು ಹಾಲಿನ ತಿಂಗಳನ್ನು ಹಿಡಿಯಬಾರದು. ಇಡೀ ಕರಾವಿನ ಸರಾಸರಿಯನ್ನು ಹಿಡಿಯಬೇಕು.

ಒಂದು ಹಸುವಿನ ಲೆಕ್ಕ

ಒಂದು ಮಿಶ್ರತಳಿ ಹಸುವಿನ ಉದಾಹರಣೆ ತೆಗೆದುಕೊಳ್ಳೋಣ. ಹತ್ತು ತಿಂಗಳ ಸರಾಸರಿ ದಿನಕ್ಕೆ 9 ಲೀಟರ್. ಮನೆಗೆ 1 ಲೀಟರ್ ಇಟ್ಟುಕೊಂಡು ಡೇರಿಗೆ 8 ಲೀಟರ್. ಲೆಕ್ಕ ಸುಲಭವಾಗಲೆಂದು ಲೀಟರಿಗೆ 35 ರೂಪಾಯಿ, ಪಶು ಆಹಾರ ಕಿಲೋಗೆ 26 ರೂಪಾಯಿ ಎಂದು ಹಿಡಿದಿದ್ದೇನೆ. ಫ್ಯಾಟ್, ಎಸ್.ಎನ್.ಎಫ್. ಪ್ರಕಾರ ತಮಗೆ ಸಿಗುವ ದರವನ್ನೂ ತಮ್ಮ ಊರಿನ ಬೆಲೆಯನ್ನೂ ಇದೇ ಜಾಗದಲ್ಲಿ ಹಾಕಿಕೊಳ್ಳಿ.

ಕರಾವಿನ ಒಂದು ತಿಂಗಳು:

ಹಾಲಿನ ಹಣ (8 ಲೀಟರ್ × 35 ರೂ. × 30 ದಿನ) – 8,400 ರೂ.

ಖರ್ಚು:
ಪಶು ಆಹಾರ, ದಿನಕ್ಕೆ 5 ಕಿಲೋ – 3,900 ರೂ.
ಹುಲ್ಲು, ಜೋಳದ ಸಪ್ಪೆ ಕೊಳ್ಳಲು – 600 ರೂ.
ಖನಿಜ ಮಿಶ್ರಣ, ಉಪ್ಪು – 150 ರೂ.
ಜಂತುನಾಶಕ, ಕೃತಕ ಗರ್ಭಧಾರಣೆ, ಚಿಕಿತ್ಸೆ – 300 ರೂ.
ವಿಮೆ (ವರ್ಷದ ಕಂತಿನ ಹನ್ನೆರಡನೇ ಒಂದು ಭಾಗ) – 200 ರೂ.
ಒಟ್ಟು – 5,150 ರೂ.

ಉಳಿದದ್ದು – 3,250 ರೂ.

ಐದು ಕಿಲೋ ಎಲ್ಲಿಂದ ಬಂತು? ಹಸುವಿನ ದೇಹಪೋಷಣೆಗೆ ಒಂದೂವರೆ ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬ ನಿಯಮದಿಂದ. ಹಸಿರು ಮೇವು ಚೆನ್ನಾಗಿದ್ದರೆ ಇದಕ್ಕಿಂತ ಕಡಿಮೆ ಸಾಕು.

ಇನ್ನು ಬತ್ತಿದ ಎರಡು ತಿಂಗಳು. ದೇಹಪೋಷಣೆಗೆ ಒಂದೂವರೆ, ಹೊಟ್ಟೆಯ ಕರುವಿಗೆ ಒಂದೂವರೆ, ಹೀಗೆ ದಿನಕ್ಕೆ 3 ಕಿಲೋ ಪಶು ಆಹಾರಕ್ಕೆ ತಿಂಗಳಿಗೆ 2,340 ರೂಪಾಯಿ. ಹುಲ್ಲು, ಖನಿಜ ಮಿಶ್ರಣ, ಔಷಧಿ, ವಿಮೆ ಮೇಲಿನಂತೆಯೇ 1,250. ಒಟ್ಟು ತಿಂಗಳಿಗೆ 3,590, ಎರಡು ತಿಂಗಳಿಗೆ 7,180 ರೂಪಾಯಿ. ಇದನ್ನು ಹಾಲಿರುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 720 ರೂಪಾಯಿ.

ಉಳಿದ 3,250ರಲ್ಲಿ ಈ 720 ಕಳೆಯಿರಿ. ಮನೆಗೆ ಸಿಗುವುದು 2,530 ರೂಪಾಯಿ.

ಅಂದರೆ ಡೇರಿಯಿಂದ ಬಂದ ಪ್ರತಿ ನೂರು ರೂಪಾಯಿಯಲ್ಲಿ 61 ರೂಪಾಯಿ ಈ ತಿಂಗಳ ಕೊಟ್ಟಿಗೆಗೆ, 9 ರೂಪಾಯಿ ಬತ್ತಿದ ತಿಂಗಳುಗಳಿಗೆ, ಬರೀ 30 ರೂಪಾಯಿ ಮನೆಗೆ. ಇದರಲ್ಲಿ ತಮ್ಮ ಮೈದುಡಿಮೆಯನ್ನಾಗಲಿ, ಗೊಬ್ಬರದ ಬೆಲೆಯನ್ನಾಗಲಿ, ಕರು ಸಾಕುವ ಖರ್ಚನ್ನಾಗಲಿ ಸೇರಿಸಿಲ್ಲ. ಹಸುವನ್ನು ಸಾಲದಲ್ಲಿ ಕೊಂಡಿದ್ದರೆ ಅದರ ಕಂತನ್ನು ಈ ಮೂವತ್ತರಲ್ಲಿಯೇ ಕಳೆಯಬೇಕು. ತಮ್ಮ ಮೇವು ಹೆಚ್ಚಿದ್ದರೆ ಮನೆಯ ಪಾಲು ನಲವತ್ತಾಗಬಹುದು, ಎಲ್ಲವನ್ನೂ ಕೊಳ್ಳುವವರಿಗೆ ಇಪ್ಪತ್ತಾಗಬಹುದು. ಎಷ್ಟೇ ಆಗಲಿ, ಬಟವಾಡೆಯ ಪೂರ್ತಿ ಹಣ ಮನೆಯದಲ್ಲ. ಇದೊಂದು ಮಾತು ಮನಸ್ಸಿಗೆ ಬಂದರೆ ಆಯವ್ಯಯದ ಅರ್ಧ ಪಾಠ ಮುಗಿದಂತೆ.

ಮೊದಲ ಹೆಜ್ಜೆ: ಒಂದು ತಿಂಗಳು ಬರೆಯುವುದು

ನೂರು ಪುಟದ ಒಂದು ನೋಟ್ ಪುಸ್ತಕ, ಒಂದು ಪೆನ್ನು ಸಾಕು. ಎಡ ಪುಟದಲ್ಲಿ ಬಂದದ್ದು, ಬಲ ಪುಟದಲ್ಲಿ ಹೋದದ್ದು. ಮೊದಲ ತಿಂಗಳು ಯಾವ ಖರ್ಚನ್ನೂ ತಡೆಯಬೇಡಿ, ಯಾರನ್ನೂ ಗದರಬೇಡಿ. ಸುಮ್ಮನೆ ಬರೆಯಿರಿ. ಹಣ ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗದೆ ಅದನ್ನು ಹಿಡಿಯಲು ಆಗದು.

ಬರೆಯುವಾಗ ಮೂರು ಎಚ್ಚರಿಕೆ:

1. ಬಟವಾಡೆಯಲ್ಲಿ ಕೈಗೆ ಬಂದ ಹಣವನ್ನಷ್ಟೇ ಬರೆಯಬೇಡಿ. ಹಾಕಿದ ಹಾಲಿನ ಪೂರ್ತಿ ಮೊತ್ತವನ್ನು ಎಡಕ್ಕೆ ಬರೆದು, ಬಿಲ್ಲಿನಲ್ಲಿ ಹಿಡಿದ ಪಶು ಆಹಾರ, ಮುಂಗಡ ಮುಂತಾದವನ್ನು ಬಲಕ್ಕೆ ಬರೆಯಿರಿ. ಇಲ್ಲದಿದ್ದರೆ ಆಹಾರದ ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ.

2. ಈಗ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಅಂಗಡಿಯಲ್ಲಿ ಫೋನಿನಿಂದ ಸ್ಕ್ಯಾನ್ ಮಾಡಿ ಕೊಡುತ್ತೇವೆ. ನೋಟು ಎಣಿಸಿ ಕೊಡುವಾಗ ಆಗುವ ಸಂಕಟ ಇದರಲ್ಲಿ ಆಗುವುದಿಲ್ಲ. ಫೋನಿನಲ್ಲಿ ಹೋದದ್ದನ್ನೂ ಅದೇ ದಿನ ಸಂಜೆ ಪುಸ್ತಕಕ್ಕೆ ಇಳಿಸಿ.

3. ಸಣ್ಣ ಖರ್ಚು ಎಂದು ಬಿಡಬೇಡಿ. ಎಲೆ ಅಡಿಕೆ, ಬೀಡಿ, ಹೋಟೆಲಿನ ಕಾಫಿ, ಮಕ್ಕಳ ಕುರುಕಲು ತಿಂಡಿ ಸೇರಿ ದಿನಕ್ಕೆ ಮೂವತ್ತು ರೂಪಾಯಿ ಆದರೆ ತಿಂಗಳಿಗೆ ಒಂಬೈನೂರು. ಅದು ಮುಕ್ಕಾಲು ಮೂಟೆ ಪಶು ಆಹಾರದ ಬೆಲೆಗೆ ಹತ್ತಿರ.

ಬರೆಯಲು ಬರದವರು ಮಕ್ಕಳಿಂದ ಬರೆಸಬಹುದು. ಶಾಲೆಯ ಲೆಕ್ಕಕ್ಕಿಂತ ಈ ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ. ಅಪ್ಪ ಅಮ್ಮನ ಹಣ ಹೇಗೆ ಬರುತ್ತದೆ ಎಂಬುದೂ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ: ಮೂರು ಡಬ್ಬಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಒಂದು ಹಸುವಿತ್ತು. ಆಗ ಬಟವಾಡೆ ಕೈಗೇ ಸಿಗುತ್ತಿತ್ತು. ನಮ್ಮ ತಾಯಿ ಡೇರಿಯಿಂದ ಬಂದವರೇ ಒಲೆಯ ಮೇಲಿನ ಗೂಡಿನಲ್ಲಿದ್ದ ಡಬ್ಬಿಗಳಿಗೆ ಹಣ ಹಾಕಿ, ಆಮೇಲೆ ಕಾಲು ತೊಳೆಯುತ್ತಿದ್ದರು. ಮೆಂತ್ಯದ ಡಬ್ಬಿಯ ಹಣ ಹಸುವಿನದು, ಸಾಸಿವೆ ಡಬ್ಬಿಯದು ನಮ್ಮ ಶಾಲೆಯದು. ಮನೆಯಲ್ಲಿ ಸಾರಿಗೆ ಬೇಳೆ ಇಲ್ಲದಿದ್ದರೂ ಮೆಂತ್ಯದ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ಆಯವ್ಯಯ ಎಂಬ ಪದ ಅವರಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ತಾವೂ ಖರ್ಚನ್ನು ಮೂರು ಭಾಗ ಮಾಡಿ:

ಕೊಟ್ಟಿಗೆ ಡಬ್ಬಿ: ಈ ತಿಂಗಳ ಪಶು ಆಹಾರ, ಮೇವು, ಔಷಧಿ, ವಿಮೆ, ಜೊತೆಗೆ ಬತ್ತಿದ ತಿಂಗಳುಗಳ 720 ರೂಪಾಯಿ. ತಿಂಗಳಿಗೆ ಎರಡು ಬಟವಾಡೆಯಾದರೆ ಪ್ರತಿ ಬಟವಾಡೆಯಲ್ಲಿ ಹಸು ಒಂದಕ್ಕೆ 360 ರೂಪಾಯಿ.

ಮನೆ ಡಬ್ಬಿ: ದಿನಸಿ, ತರಕಾರಿ, ಗ್ಯಾಸ್, ಓಡಾಟ, ಸಾಲದ ಕಂತು.

ವರ್ಷದ ಡಬ್ಬಿ: ವರ್ಷಕ್ಕೊಮ್ಮೆ ತಪ್ಪದೆ ಬರುವ ಖರ್ಚು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದು, ಗೌರಿ ಗಣೇಶ, ದೀಪಾವಳಿ, ಊರ ಹಬ್ಬ, ಮದುವೆಯ ಮುಯ್ಯಿ, ಯಶಸ್ವಿನಿ ವಂತಿಗೆ. ಇವು ಇದ್ದಕ್ಕಿದ್ದಂತೆ ಬಂದವು ಎಂದು ಹೇಳುವಂತಿಲ್ಲ, ಪಂಚಾಂಗದಲ್ಲೇ ಇರುತ್ತವೆ. ಎಲ್ಲವನ್ನೂ ಕೂಡಿ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಅಷ್ಟು ತೆಗೆದಿಡಿ.

ಹಣ ಖಾತೆಗೆ ಬರುವುದರಿಂದ ನಿಜವಾದ ಡಬ್ಬಿ ಬೇಕಿಲ್ಲ. ಮನೆಯ ಇನ್ನೊಬ್ಬರ ಹೆಸರಿನಲ್ಲಿ ಮತ್ತೊಂದು ಉಳಿತಾಯ ಖಾತೆ ಇರಲಿ. ಬಟವಾಡೆ ಬಂದ ದಿನವೇ ಬತ್ತಿದ ತಿಂಗಳ ಹಣ ಮತ್ತು ವರ್ಷದ ಹಣವನ್ನು ಅಲ್ಲಿಗೆ ಹಾಕಿ. ಅಂಚೆ ಕಚೇರಿಯ ಆರ್.ಡಿ. ಐದು ವರ್ಷದ್ದು. ಮಗಳ ಓದಿಗೆ, ಮದುವೆಗೆ ಅದು ಒಳ್ಳೆಯದು, ಎರಡು ತಿಂಗಳ ಮೇವಿಗೆ ಅಲ್ಲ.

ಮೂರನೇ ಹೆಜ್ಜೆ: ಮನೆಯ ತಿಂಗಳ ಪಟ್ಟಿ

ಇಂಥ ಎರಡು ಹಸುಗಳಿರುವ, ಗಂಡ ಗಾರೆ ಕೆಲಸಕ್ಕೆ ಹೋಗುವ ಒಂದು ಮನೆಯ ಪಟ್ಟಿ ಮಾಡೋಣ.

ಬರುವುದು:
ಹಾಲಿನ ಹಣದಲ್ಲಿ ಮನೆಯ ಪಾಲು (2,530 × 2) – 5,060 ರೂ.
ಗಾರೆ ಕೆಲಸ, ಸರಾಸರಿ – 9,000 ರೂ.
ಒಟ್ಟು – 14,060 ರೂ.

ಹೋಗುವುದು:
ದಿನಸಿ – 4,500 ರೂ.
ತರಕಾರಿ, ಮೊಟ್ಟೆ, ಮಾಂಸ – 1,500 ರೂ.
ಗ್ಯಾಸ್, ಫೋನು ಇತ್ಯಾದಿ – 1,000 ರೂ.
ಪೆಟ್ರೋಲ್, ಬಸ್ಸು – 1,500 ರೂ.
ಮನೆಯವರ ಔಷಧಿ – 600 ರೂ.
ಚಿಲ್ಲರೆ ಖರ್ಚು – 900 ರೂ.
ಸಾಲದ ಕಂತು – 2,000 ರೂ.
ವರ್ಷದ ಡಬ್ಬಿ (24,000 ÷ 12) – 2,000 ರೂ.
ಒಟ್ಟು – 14,000 ರೂ.

ಉಳಿಯುವುದು ಅರವತ್ತು ರೂಪಾಯಿ. ಇದೇ ಮನೆಯವರು ಎರಡು ಹಸುವಿನ ಹಾಲಿನ ಹಣ 16,800 ಮತ್ತು ಗಾರೆ ಕೆಲಸದ 9,000 ಕೂಡಿಸಿ ‘ನಮಗೆ ತಿಂಗಳಿಗೆ 25,800 ಬರುತ್ತದೆ’ ಎಂದು ನಂಬಿದ್ದರೆ, ಇನ್ನೊಂದು ಐದು ಸಾವಿರದ ಕಂತಿಗೆ ಧೈರ್ಯವಾಗಿ ರುಜು ಹಾಕುತ್ತಿದ್ದರು. ಆ ಕಂತನ್ನು ಮೊದಲು ಹಸುವಿನ ಮೇವಿನಿಂದ ಕಟ್ಟುತ್ತಾರೆ, ಕೊನೆಗೆ ಹಸುವನ್ನೇ ಮಾರಿ ಕಟ್ಟುತ್ತಾರೆ. ಸಾಲ ಕೊಡುವವರು ಬಾಗಿಲಿಗೇ ಬರುವ ಈ ಕಾಲದಲ್ಲಿ ರುಜು ಹಾಕುವ ಮೊದಲು ಈ ಪಟ್ಟಿಯನ್ನು ಒಮ್ಮೆ ನೋಡಿ.

ಪ್ರೋತ್ಸಾಹಧನ ಎಲ್ಲಿ ಬರೆಯಬೇಕು?

ಹಾಲಿಗೆ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ ಮುಂದೆ ಹೆಚ್ಚಿತು. ಅದು ಬಟವಾಡೆಯ ಜೊತೆ ಬರುವುದಿಲ್ಲ, ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಬರುವ ದಿನ ಗೊತ್ತಿಲ್ಲದ ಹಣವನ್ನು ದಿನಸಿಗೆ ನಂಬಬಾರದು. ಮೇಲಿನ ಪಟ್ಟಿಯಲ್ಲಿ ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಬಂದಾಗ ಅದನ್ನು ಆಪತ್ಕಾಲದ ಹಣವಾಗಿ ಇಡಿ. ಹಸುವಿಗೆ ಕಷ್ಟದ ಹೆರಿಗೆಯಾದಾಗ, ಮನೆಯವರು ಆಸ್ಪತ್ರೆ ಸೇರಿದಾಗ ಕೈಗಡಕ್ಕೆ ಅಲೆಯುವುದು ತಪ್ಪುತ್ತದೆ. ಬೇರೆ ಯಾವುದೇ ಯೋಜನೆಯ ಹಣಕ್ಕೂ ಇದೇ ನಿಯಮ: ಬಂದ ತಿಂಗಳು ಬರೆಯಿರಿ, ಬರುವ ಮೊದಲು ಖರ್ಚು ಮಾಡಬೇಡಿ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಪಟ್ಟಿ ಮಾಡಿದ ಮೇಲೆ ಖರ್ಚು ಹೆಚ್ಚು ಎಂದು ಕಂಡರೆ ಹಲವರು ಮೊದಲು ಕೈ ಹಾಕುವುದು ಬತ್ತಿದ ಹಸುವಿನ ಆಹಾರಕ್ಕೆ. ‘ಹಾಲು ಕೊಡದ ಹಸುವಿಗೆ ಫೀಡ್ ಏಕೆ?’ ಎನ್ನುತ್ತಾರೆ. ಆ ಎರಡು ತಿಂಗಳು ತಿನ್ನಿಸದಿದ್ದರೆ ಕರು ಸೊರಗುತ್ತದೆ, ಮುಂದಿನ ಕರಾವು ಕಡಿಮೆಯಾಗುತ್ತದೆ, ಮತ್ತೆ ಬೆದೆಗೆ ಬರುವುದು ತಡವಾಗುತ್ತದೆ. ಅಲ್ಲಿ ಉಳಿಸಬೇಡಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣದಲ್ಲೂ ಉಳಿಸಬೇಡಿ.

ಉಳಿಸುವ ಜಾಗಗಳು ಇವು:

ಬೆದೆ ತಪ್ಪಿಸಬೇಡಿ. ಒಂದು ಬೆದೆ ತಪ್ಪಿದರೆ ಇನ್ನೊಂದು ಬೆದೆಗೆ 21 ದಿನ ಕಾಯಬೇಕು. ಮುಂದಿನ ಕರುವೂ ಅಷ್ಟೇ ತಡ. ಬತ್ತಿದ ಹಸುವಿಗೆ ದಿನಕ್ಕೆ ಸುಮಾರು 120 ರೂಪಾಯಿ ಎಂದರೆ, 21 ದಿನ ಹೆಚ್ಚು ಕಾದರೆ ಎರಡೂವರೆ ಸಾವಿರ ರೂಪಾಯಿ. ಬೆಳಿಗ್ಗೆ ಸಂಜೆ ಹಸುವಿನ ಹಿಂದೆ ಹತ್ತು ನಿಮಿಷ ನಿಂತು ನೋಡಲು ಖರ್ಚಿಲ್ಲ.

ಮೇವು ಕತ್ತರಿಸಿ ಹಾಕಿ. ಇಡೀ ಸಪ್ಪೆ ಹಾಕಿದರೆ ಹಸು ದಂಟು ಬಿಟ್ಟು ಎಲೆ ತಿನ್ನುತ್ತದೆ, ಉಳಿದದ್ದು ತಿಪ್ಪೆಗೆ. ನೀರಿದ್ದವರು ನಾಲ್ಕೈದು ಗುಂಟೆಯಲ್ಲಾದರೂ ನೇಪಿಯರ್ ಹುಲ್ಲು ಹಾಕಿಕೊಳ್ಳಿ.

ಎರಡು ಹಸುಗಳಿದ್ದರೆ ಎರಡೂ ಒಟ್ಟಿಗೆ ಬತ್ತದಂತೆ ನೋಡಿ. ಒಂದರ ಕರುವಿಗೂ ಇನ್ನೊಂದರ ಕರುವಿಗೂ ಐದಾರು ತಿಂಗಳ ಅಂತರವಿದ್ದರೆ ಬಟವಾಡೆ ಎಂದೂ ಪೂರ್ತಿ ನಿಲ್ಲದು.

ಲಸಿಕೆ, ವಿಮೆ ಬಿಡಬೇಡಿ. ಕಾಲುಬಾಯಿ ಜ್ವರದ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತವಾಗಿ ಹಾಕಲಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಂದು ಹಸುವನ್ನೇ ನಂಬಿದ್ದ ಎಷ್ಟೋ ಮನೆಗಳ ಆದಾಯ ಒಂದೇ ವಾರದಲ್ಲಿ ನಿಂತದ್ದನ್ನು ಕಂಡಿದ್ದೇನೆ. ವಿಮೆ ಮಾಡಿಸಿದ ಹಸುವಿನ ಕಿವಿಯೋಲೆ ಬಿದ್ದುಹೋದರೆ ಕೂಡಲೇ ತಿಳಿಸಿ ಬೇರೆ ಹಾಕಿಸಿ. ಓಲೆ ಇಲ್ಲದಿದ್ದರೆ ಪರಿಹಾರಕ್ಕೆ ತೊಡಕು.

ಬಡ್ಡಿ ತಗ್ಗಿಸಿ. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು 2019ರಿಂದ ಹೈನುಗಾರರಿಗೂ ವಿಸ್ತರಿಸಲಾಗಿದೆ. ಹಸುವಿನ ನಿರ್ವಹಣೆಗೆ ಸಾಲ ಬೇಕೇ ಬೇಕಾದರೆ ಕೈಸಾಲಕ್ಕೆ ಹೋಗುವ ಮೊದಲು ಬ್ಯಾಂಕಿನಲ್ಲಿ ವಿಚಾರಿಸಿ.

ಮೊದಲ ಸಲ ಸರಿ ಬರದಿದ್ದರೆ

ಮೊದಲ ತಿಂಗಳು ಬರೆದದ್ದಕ್ಕೂ ಕೈಯಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಬೇಸರ ಬೇಡ. ಎರಡನೇ ತಿಂಗಳು ಅಂತರ ಕಡಿಮೆಯಾಗುತ್ತದೆ, ಮೂರನೇ ತಿಂಗಳಿಗೆ ಯಾವ ಖರ್ಚು ಮರೆಯುತ್ತಿದ್ದೇವೆ ಎಂದು ತಿಳಿಯುತ್ತದೆ. ತಿಂಗಳ ಕೊನೆಯ ಬಟವಾಡೆಯ ದಿನ ಗಂಡ ಹೆಂಡತಿ ಇಬ್ಬರೂ ಕುಳಿತು ಪುಸ್ತಕ ನೋಡಬೇಕು. ಹಾಲು ಕರೆಯುವವರು ಒಬ್ಬರು, ಹಣ ತೆಗೆಯುವವರು ಇನ್ನೊಬ್ಬರು, ಲೆಕ್ಕ ಇಬ್ಬರಿಗೂ ಗೊತ್ತಿಲ್ಲ ಎಂದರೆ ಯಾವ ಪಟ್ಟಿಯೂ ಉಳಿಯದು.

ಲೇಖನದ ಆರಂಭದಲ್ಲಿ ಹೇಳಿದ ಸದಸ್ಯೆ ಆಮೇಲೆ ಸಾಲ ಮಾಡಿ ಇನ್ನೊಂದು ಹಸು ಕೊಂಡರು. ಆ ಹಸು ಮೊದಲಿನದಕ್ಕಿಂತ ಹಾಲಿನಲ್ಲಿ ಕಡಿಮೆಯೇ. ಅವರ ಮಗಳು ಲೆಕ್ಕ ಬರೆಯುತ್ತಾಳೆ. ಕಳೆದ ಸಲ ಹಸು ಬತ್ತಿದಾಗ ನಾನು ಹೋಗಿದ್ದೆ. ಕೊಟ್ಟಿಗೆಯಲ್ಲಿ ಎರಡು ಮೂಟೆ ಪಶು ಆಹಾರ ಇತ್ತು. ‘ಇದು ಸಾಲದ್ದಲ್ಲ ಡಾಕ್ಟ್ರೇ, ಅವಳೇ ದುಡಿದಿಟ್ಟಿದ್ದು’ ಎಂದು ಹಸುವಿನ ಬೆನ್ನು ತಟ್ಟಿದರು.

ಅಭ್ಯಾಸ

ಮುಂದಿನ ಸಂಚಿಕೆ ಕೈಗೆ ಬರುವುದರೊಳಗೆ ಈ ಐದು ಪ್ರಶ್ನೆಗಳಿಗೆ ತಮ್ಮ ಪುಸ್ತಕದಲ್ಲಿ ಉತ್ತರ ಬರೆಯಿರಿ:

1. ನನ್ನ ಹಸು ಕಳೆದ ಕರಾವಿನಲ್ಲಿ ಸರಾಸರಿ ದಿನಕ್ಕೆ ಎಷ್ಟು ಲೀಟರ್ ಕೊಟ್ಟಿತು?
2. ಅದು ಯಾವ ತಿಂಗಳು ಬತ್ತುತ್ತದೆ? ಆ ಎರಡು ತಿಂಗಳಿಗೆ ಎಷ್ಟು ಹಣ ಬೇಕು?
3. ಅದಕ್ಕಾಗಿ ಪ್ರತಿ ಬಟವಾಡೆಯಲ್ಲಿ ಎಷ್ಟು ತೆಗೆದಿಡಬೇಕು?
4. ವರ್ಷಕ್ಕೊಮ್ಮೆ ಬರುವ ನನ್ನ ಖರ್ಚುಗಳ ಒಟ್ಟು ಮೊತ್ತ ಎಷ್ಟು?
5. ಹಾಲಿನ ಹಣದ ನೂರು ರೂಪಾಯಿಯಲ್ಲಿ ನನ್ನ ಮನೆಯ ಪಾಲು ಎಷ್ಟು?

ಉತ್ತರ ಹೊಂದದಿದ್ದರೆ ಪುಸ್ತಕವನ್ನೇ ಹಿಡಿದುಕೊಂಡು ತಮ್ಮ ಸಂಘಕ್ಕೆ ಬನ್ನಿ. ಕಾರ್ಯದರ್ಶಿಯವರ ಬಳಿ ತಮ್ಮ ಹಾಲಿನ ಪೂರ್ತಿ ಲೆಕ್ಕವಿರುತ್ತದೆ. ನಾನು ತಮ್ಮ ಊರಿಗೆ ಬಂದ ದಿನ ಹಸುವನ್ನು ತೋರಿಸುವ ಹಾಗೆಯೇ ಪುಸ್ತಕವನ್ನೂ ತೋರಿಸಿ. ಕೂತು ನೋಡೋಣ.